ತಿರುಗಾಟದ ಕೆಲಸ ಆರಿಸಿಕೊಳ್ಳುವುದು ಹೇಗೆ? ಮುಂಬೈ, ಪುಣೆ, ಗೋವಾದ ಕನ್ನಡ ಮಕ್ಕಳಿಗೆ

ತಿರುಗಾಡುವ ಕೆಲಸ ಬೇಕು ಎನ್ನುವ ಹುಡುಗ ಹುಡುಗಿಯರನ್ನು ನಾನು ಮೊದಲು ಕೇಳುವುದು ಇಷ್ಟೇ: ವರ್ಷದಲ್ಲಿ ಎಷ್ಟು ರಾತ್ರಿ ಮನೆ ಬಿಟ್ಟು ಇರಬಲ್ಲಿರಿ? ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ನೋಡಬೇಕಾದ ಊರುಗಳ ಪಟ್ಟಿ ಇರುತ್ತದೆ, ರಾತ್ರಿಗಳ ಲೆಕ್ಕ ಹಾಕಿರುವುದಿಲ್ಲ. ಕೆಲಸ ಆರಿಸುವುದಕ್ಕೆ ಬೇಕಾದದ್ದು ಈ ಲೆಕ್ಕವೇ. ದುಬೈ, ಲಂಡನ್, ಸಿಂಗಪುರ ಎಲ್ಲ ಆಮೇಲೆ.

ಮುಂಬೈ ಕನ್ನಡಿಗರಿಗೆ ಊರು ಬಿಡುವುದು ಹೊಸದೇನಲ್ಲ. ಕೊಂಕಣ ರೈಲ್ವೆ ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಕರಾವಳಿಯ ಹುಡುಗರು ಇಲ್ಲಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲೇ ಓದಿದರು. ಅವರು ಹೊರಟದ್ದು ಹೊಟ್ಟೆಪಾಡಿಗೆ. ಅವರ ಮೊಮ್ಮಕ್ಕಳಿಗೆ ಇವತ್ತು ಆರಿಸಿಕೊಳ್ಳುವ ಅವಕಾಶ ಇದೆ. ಅದು ಯಾರದೋ ಬಣ್ಣದ ಜಾಹೀರಾತಿಗೆ ಹಾಳಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೂರು ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಮಾಡಿ, ಒಂದೊಂದರ ಮೇಲೆ ಒಂದು ಪ್ರಶ್ನೆ ಬರೆಯಿರಿ. ಈ ಕೆಲಸದಲ್ಲಿ ವರ್ಷಕ್ಕೆ ಎಷ್ಟು ರಾತ್ರಿ ಹೊರಗೆ? ಹೋದ ಊರಿನಲ್ಲಿ ಹಗಲು ಎಷ್ಟು ಹೊತ್ತು ನನ್ನದು? ತಿರುಗಿ ಬಂದ ಮೇಲೆ ಒಂದೇ ಸಮನೆ ಎಷ್ಟು ದಿನ ಮನೆಯಲ್ಲಿರಬಹುದು?

ಈಗ ಒಂದೊಂದೇ ಕೆಲಸಕ್ಕೆ ಇದನ್ನು ಹಚ್ಚಿ ನೋಡಿ. ಕಂಟೇನರ್ ಹಡಗಿನ ಅಧಿಕಾರಿಗೆ ರಾತ್ರಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಹಡಗು ಬಂದರಿನಲ್ಲಿ ನಿಲ್ಲುವುದು ಎಷ್ಟೋ ಸಲ ಒಂದು ದಿನಕ್ಕಿಂತ ಕಡಿಮೆ, ಆ ಹೊತ್ತಿನಲ್ಲೂ ಸರಕಿನ ಕೆಲಸ ಇರುತ್ತದೆ. ಎರಡನೇ ಕಾಲಂ ಹೆಚ್ಚುಕಡಿಮೆ ಖಾಲಿ. ಮೂರನೆಯದು ಮಾತ್ರ ತುಂಬಿರುತ್ತದೆ, ಏಕೆಂದರೆ ಕಾಂಟ್ರಾಕ್ಟ್ ಮುಗಿದ ಮೇಲೆ ತಿಂಗಳುಗಟ್ಟಲೆ ರಜೆ. ದೇಶದೊಳಗಿನ ವಿಮಾನದ ಕ್ಯಾಬಿನ್ ಸಿಬ್ಬಂದಿ ಒಂದೇ ದಿನ ಮೂರು ನಾಲ್ಕು ಊರು ಮುಟ್ಟಿ ಬರುತ್ತಾರೆ, ಕಾಣುವುದು ಏರ್‌ಪೋರ್ಟ್ ಮಾತ್ರ. ಟೂರ್ ಮ್ಯಾನೇಜರ್ ಊರನ್ನು ನಿಜವಾಗಿ ನೋಡುತ್ತಾರೆ, ಆದರೆ ಬಸ್ಸಿನ ತುಂಬ ಜನರ ಊಟ, ನಿದ್ದೆ, ಬ್ಯಾಗು ಎಲ್ಲ ಅವರ ತಲೆಯ ಮೇಲೆ. ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂರಿಸಿ ಚಾಲೂ ಮಾಡುವ ಎಂಜಿನಿಯರ್ ಒಂದೇ ಊರಿನಲ್ಲಿ ವಾರಗಟ್ಟಲೆ ಉಳಿಯುತ್ತಾರೆ. ಅಲ್ಲಿನ ಸಂತೆ, ಊಟ, ಮಾತು ಎಲ್ಲ ಗೊತ್ತಾಗುವುದು ಅವರಿಗೇ. ನನ್ನ ಮಟ್ಟಿಗೆ ಊರು ನೋಡುವ ಆಸೆ ಇರುವವರಿಗೆ ಎರಡನೇ ಕಾಲಂ ಎಲ್ಲಕ್ಕಿಂತ ಮುಖ್ಯ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಕೆಲವರಿಗೆ ಬೇಕಾದದ್ದು ತಿರುಗಾಟದ ಕೆಲಸವಲ್ಲ, ತಿರುಗಾಡಲು ಬಿಡುವ ಕೆಲಸ. ಶಾಲೆಯ ಮಾಸ್ತರರಿಗೆ ಬೇಸಿಗೆ ರಜೆ, ದೀಪಾವಳಿ ರಜೆ ಇದೆ. ರೈಲ್ವೆ ನೌಕರರಿಗೆ ಪಾಸ್ ಇದೆ. ಕೇಂದ್ರ ಸರ್ಕಾರದ ನೌಕರರಿಗೆ ನಾಲ್ಕು ವರ್ಷದ ಅವಧಿಯಲ್ಲಿ ಒಮ್ಮೆ ದೇಶದ ಯಾವ ಮೂಲೆಗಾದರೂ ಹೋಗಲು ಎಲ್‌ಟಿಸಿ, ಅಂದರೆ ರಜೆಯ ಪ್ರಯಾಣದ ಖರ್ಚು ಸಿಗುತ್ತದೆ. ಅಪ್ಪ ಅಮ್ಮನನ್ನು ಬಿಟ್ಟಿರಲು ಆಗದವರು ಈ ಕಡೆ ಯೋಚಿಸುವುದು ಒಳ್ಳೆಯದು.

ಕೈಯಲ್ಲಿರುವುದನ್ನು ನೋಡಿಕೊಳ್ಳಿ

ಇಲ್ಲಿ ಬೆಳೆದ ಕನ್ನಡ ಮಕ್ಕಳ ಹತ್ತಿರ ಒಂದು ದೊಡ್ಡ ಆಸ್ತಿ ಇದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಲೋಕಲ್ ಟ್ರೈನಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಗೋವಾದವರಾದರೆ ಕೊಂಕಣಿಯೂ ಸೇರುತ್ತದೆ. ಹೀಗೆ ಬೆಳೆದವರಿಗೆ ಇದು ದೊಡ್ಡದೆನಿಸುವುದೇ ಇಲ್ಲ. ಪ್ರವಾಸ, ಹೋಟೆಲ್, ಹಡಗು ಈ ಮೂರೂ ಕಡೆ ಅದಕ್ಕೆ ಬೆಲೆ ಇದೆ. ಅರ್ಜಿಯಲ್ಲಿ ಎಲ್ಲ ಭಾಷೆಗಳನ್ನೂ ಬರೆಯಿರಿ. ಓದಲು ಬರುತ್ತದೋ, ಬರೀ ಮಾತಾಡಲು ಬರುತ್ತದೋ ಎಂಬುದನ್ನೂ ಸ್ಪಷ್ಟವಾಗಿ ಹೇಳಿ.

ಆಮೇಲೆ ದೇಹ. ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಎತ್ತರ, ಸಮುದ್ರದ ಅಲೆಗೆ ತಲೆ ಸುತ್ತುವುದು ಇವೆಲ್ಲ ಮೊದಲೇ ಗೊತ್ತಿರಲಿ. ಹಡಗು ನಡೆಸುವ ಡೆಕ್ ವಿಭಾಗಕ್ಕೆ ಕನ್ನಡಕ ಇಲ್ಲದೆ 6/6, ಅಂದರೆ ಪೂರ್ತಿ ದೃಷ್ಟಿ ಬೇಕು. ಎಂಜಿನ್ ವಿಭಾಗದಲ್ಲಿ ಸ್ವಲ್ಪ ನಂಬರಿನ ಕನ್ನಡಕ ನಡೆಯುತ್ತದೆ. ಬಣ್ಣಗುರುಡು ಇದ್ದರೆ ಎರಡೂ ಇಲ್ಲ. ಲಕ್ಷಗಟ್ಟಲೆ ಫೀ ಕಟ್ಟಿದ ಮೇಲೆ ಇದು ಗೊತ್ತಾದರೆ ಆ ಮನೆಯ ಗತಿ ಏನು? ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್ ಒಪ್ಪಿದ ವೈದ್ಯರ ಹತ್ತಿರ ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಫಾರಂ ತುಂಬಿ.

ಹಡಗಿನ ದಾರಿ

ಮುಂಬೈಯಲ್ಲಿದ್ದುಕೊಂಡು ತಿರುಗಾಟದ ಕೆಲಸ ಎಂದರೆ ಮರ್ಚೆಂಟ್ ನೇವಿ, ಅಂದರೆ ವ್ಯಾಪಾರದ ಹಡಗಿನ ಕೆಲಸ ನೆನಪಾಗುವುದು ಸಹಜ. ದೇಶದ ಹಡಗು ವ್ಯವಹಾರ ನೋಡಿಕೊಳ್ಳುವ ಡಿಜಿ ಶಿಪ್ಪಿಂಗ್ ಕಚೇರಿ ಇಲ್ಲೇ ಇದೆ. ಹಡಗಿನ ಕಂಪನಿಗಳೂ ಜಾಸ್ತಿ ಇಲ್ಲೇ. ಮೋಸವೂ ಇಲ್ಲೇ ಜಾಸ್ತಿ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಧಿಕಾರಿ ಆಗಬೇಕೆಂದರೆ ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ ಶೇಕಡಾ 60 ಇರಬೇಕು. ಹತ್ತನೇ ಅಥವಾ ಹನ್ನೆರಡನೇ ತರಗತಿಯ ಇಂಗ್ಲಿಷಿನಲ್ಲಿ ಶೇಕಡಾ 50. ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಸಿಇಟಿ ಬರೆಯಬೇಕು. ಡೆಕ್ ಕಡೆಗೆ ಹೋಗುವವರಿಗೆ ಒಂದು ವರ್ಷದ ನಾಟಿಕಲ್ ಸೈನ್ಸ್ ಡಿಪ್ಲೊಮಾ ಇದೆ, ಅದರ ನಂತರ ಹಡಗಿನಲ್ಲಿ ಕೆಡೆಟ್ ಅಂದರೆ ತರಬೇತಿಯ ಅಧಿಕಾರಿ ಆಗಿ ಕಲಿಕೆ. ಎಂಜಿನ್ ಕಡೆಗೆ ನಾಲ್ಕು ವರ್ಷದ ಮರೈನ್ ಎಂಜಿನಿಯರಿಂಗ್. ಈಗಾಗಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರಿಗೆ ಹಡಗಿನ ಎಂಜಿನಿಯರ್ ಆಗಲು ಒಂದು ವರ್ಷದ ಜಿಎಂಇ ಕೋರ್ಸ್ ಇದೆ, ಎಲೆಕ್ಟ್ರಿಕಲ್ ಓದಿದವರಿಗೆ ಹಡಗಿನ ವಿದ್ಯುತ್ ಅಧಿಕಾರಿ ಆಗಲು ಇಟಿಓ ಕೋರ್ಸ್. ಹತ್ತನೇ ತರಗತಿ ಮುಗಿಸಿದವರು ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸ್ ಮಾಡಿ ಖಲಾಸಿಯಾಗಿ ಸೇರಬಹುದು. ಅಡುಗೆ ಗೊತ್ತಿದ್ದವರಿಗೆ ಮ್ಯಾರಿಟೈಮ್ ಕೇಟರಿಂಗ್ ಕೋರ್ಸ್ ಇದೆ. ಕಲಿಸುವ ಸಂಸ್ಥೆಗಳು ಹತ್ತಿರದಲ್ಲೇ ಇವೆ: ನವಿ ಮುಂಬೈಯ ಟಿ.ಎಸ್. ಚಾಣಕ್ಯ, ಪುಣೆಯ ದಾರಿಯಲ್ಲಿ ತಳೇಗಾಂವ್ ಹತ್ತಿರದ ತೋಲಾನಿ.

ಇಲ್ಲಿ ಒಂದು ಮುಖ್ಯ ಮಾತು. ಕಾಲೇಜು ಸೇರುವ ಮೊದಲೇ ಹಡಗಿನ ಕಂಪನಿಯೊಂದರ ಸ್ಪಾನ್ಸರ್‌ಶಿಪ್ ಗಿಟ್ಟಿಸಲು ಪ್ರಯತ್ನ ಮಾಡಿ. ಕಂಪನಿಗಳು ಪರೀಕ್ಷೆ, ಸಂದರ್ಶನ ನಡೆಸಿ ಮಕ್ಕಳನ್ನು ಆರಿಸುತ್ತವೆ. ಕೋರ್ಸ್ ಮುಗಿದ ಮೇಲೆ ಆ ಕಂಪನಿಯ ಹಡಗಿನಲ್ಲೇ ತರಬೇತಿ ಸಿಗುವ ದಾರಿ ಅದು. ಸ್ಪಾನ್ಸರ್‌ಶಿಪ್ ಇಲ್ಲದೆ ಡಿಪ್ಲೊಮಾ ಮುಗಿಸಿ, ಹಡಗು ಸಿಗದೆ, ಅಂಧೇರಿ, ಬೇಲಾಪುರದ ಆಫೀಸುಗಳ ಮೆಟ್ಟಿಲು ಹತ್ತಿ ಇಳಿಯುವ ಹುಡುಗರು ಬಹಳ. ಕೋರ್ಸಿನ ಸೀಟು ಸಿಕ್ಕಿತೆಂದು ಸಿಹಿ ಹಂಚುವ ಮೊದಲು ಹಡಗಿನ ಸೀಟು ಯಾರು ಕೊಡುತ್ತಾರೆ ಎಂದು ಕೇಳಿ.

ಕೆಲಸಕ್ಕೆ ಸೇರಿಸುವ ಏಜೆಂಟರಿಗೆ ಡಿಜಿ ಶಿಪ್ಪಿಂಗಿನ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಲೇಬೇಕು. ಆ ನಂಬರು ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ನೀವೇ ಹುಡುಕಿ ನೋಡಿ. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ತೆಗೆದುಕೊಳ್ಳುವಂತಿಲ್ಲ. ಇದು ಭಾರತದ ನಿಯಮ, 2006ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದದ ನಿಯಮವೂ ಹೌದು. ಪಾಸ್‌ಪೋರ್ಟ್, ಸಿಡಿಸಿ ಎಂಬ ನಾವಿಕರ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ, ಇವುಗಳ ಖರ್ಚು ನಿಮ್ಮದಾಗಬಹುದು. ಅದರ ಮೇಲೆ ಯಾರಾದರೂ 'ಎರಡು ಲಕ್ಷ ಕೊಡಿ, ಮುಂದಿನ ತಿಂಗಳು ಜಾಯ್ನಿಂಗ್' ಎಂದರೆ ಎದ್ದು ಬನ್ನಿ. ಊರಿನವರು, ನೆಂಟರು ಪರಿಚಯಿಸಿದ ಏಜೆಂಟ್ ಆದರೂ ಅಷ್ಟೇ. ಹಾಗೆ ಪರಿಚಯಿಸಿದವರಿಗೂ ಎಷ್ಟೋ ಸಲ ಪೂರ್ತಿ ವಿಷಯ ಗೊತ್ತಿರುವುದಿಲ್ಲ.

ಹಡಗಿನ ದಿನ ಹೇಗಿರುತ್ತದೆ ಎಂದೂ ತಿಳಿದಿರಲಿ. ನಿಯಮದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಉಳಿದ ಹೊತ್ತು ಕೆಲಸ ಇರಬಹುದು. ಭಾನುವಾರ ಎಂದು ಹಡಗು ನಿಲ್ಲುವುದಿಲ್ಲ. ಕ್ರೂಸ್ ಹಡಗಿನಲ್ಲಿ ಹೋಟೆಲ್ ಕೆಲಸ ಮಾಡುವವರಿಗೂ ಹೀಗೆಯೇ, ತಿಂಗಳುಗಟ್ಟಲೆ ವಾರದ ರಜೆ ಇಲ್ಲ. ಆದರೆ ಕ್ರೂಸ್ ಹಡಗು ಪ್ರವಾಸಿಗರಿಗಾಗಿಯೇ ಬಂದರುಗಳಲ್ಲಿ ನಿಲ್ಲುವುದರಿಂದ, ಪಾಳಿ ಹೊಂದಿದರೆ ಇಳಿದು ಊರು ನೋಡಬಹುದು.

ಅಡುಗೆಮನೆಯಿಂದ ಅಂಟಾರ್ಕ್ಟಿಕಾಕ್ಕೆ

ಹೋಟೆಲ್ ಮನೆತನದ ಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ನಿಮ್ಮಪ್ಪ, ದೊಡ್ಡಪ್ಪ ನಡೆಸಿದ ಅಡುಗೆಮನೆಯ ಕೆಲಸ ನಿಮ್ಮನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯಬಲ್ಲದು. ಬೇಕಾದದ್ದು ಅದಕ್ಕೊಂದು ಡಿಗ್ರಿ ಅಥವಾ ಡಿಪ್ಲೊಮಾ. ದಾದರಿನಲ್ಲಿ ಐಎಚ್‌ಎಂ ಎಂಬ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ, ಗೋವಾದ ಪರ್ವರಿಯಲ್ಲಿ ಇನ್ನೊಂದು. ಎರಡಕ್ಕೂ ಎನ್‌ಸಿಎಚ್‌ಎಂ ಜೆಇಇ ಎಂಬ ಪ್ರವೇಶ ಪರೀಕ್ಷೆ. ದೋಸೆ ಕಾವಲಿಯ ಮುಂದೆ ನಿಂತು ಬೆಳೆದವರಿಗೆ ಶಾಖ, ಗಡಿಬಿಡಿ, ಬೆಳಗಿನ ಜಾವದ ಕೆಲಸ ಯಾವುದೂ ಹೊಸದಲ್ಲ. ಮೊದಲ ವರ್ಷದಲ್ಲೇ ಕೈಬಿಡುವವರು ಇವುಗಳಿಗೇ ಸೋಲುತ್ತಾರೆ.

ಗೋವಾದ ವಾಸ್ಕೊದಲ್ಲಿ ಎನ್‌ಸಿಪಿಓಆರ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಧ್ರುವ ಪ್ರದೇಶ ಮತ್ತು ಸಾಗರಗಳ ಸಂಶೋಧನೆ ಅದರ ಕೆಲಸ. ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ ಹೊರಟದ್ದೂ ಗೋವಾದಿಂದಲೇ, 1981ರ ಡಿಸೆಂಬರಿನಲ್ಲಿ, ಎಸ್.ಜೆಡ್. ಖಾಸಿಂ ಅವರ ನಾಯಕತ್ವದಲ್ಲಿ. ಇವತ್ತು ಅಲ್ಲಿ ನಮ್ಮ ಎರಡು ನೆಲೆಗಳು ನಡೆಯುತ್ತಿವೆ: 1989ರ ಮೈತ್ರಿ, 2012ರ ಭಾರತಿ.

ಅಲ್ಲಿಗೆ ಬರೀ ವಿಜ್ಞಾನಿಗಳು ಹೋಗುತ್ತಾರೆ ಎಂದು ಎಲ್ಲರೂ ತಿಳಿದಿದ್ದಾರೆ. ನೆಲೆ ನಡೆಯಬೇಕಾದರೆ ಅಡುಗೆಯವರು ಬೇಕು, ಎಲೆಕ್ಟ್ರಿಷಿಯನ್ ಬೇಕು, ಜನರೇಟರ್ ಮತ್ತು ವಾಹನ ರಿಪೇರಿ ಮಾಡುವವರು, ಬಡಗಿ, ವೈದ್ಯರು, ನರ್ಸ್ ಎಲ್ಲರೂ ಬೇಕು. ಇಂಥ ಕೆಲಸಗಳಿಗೆ ಸಂಸ್ಥೆ ಗುತ್ತಿಗೆ ಮೇಲೆ ಜನರನ್ನು ಕರೆಯುತ್ತದೆ, ಜಾಹೀರಾತು ಅದರ ಜಾಲತಾಣದಲ್ಲಿ ಬರುತ್ತದೆ. ಆಯ್ಕೆಯಾದವರಿಗೆ ಕಠಿಣ ವೈದ್ಯಕೀಯ ಪರೀಕ್ಷೆ, ಆಮೇಲೆ ಹಿಮಾಲಯದ ಔಲಿಯಲ್ಲಿ ಇಂಡೋ-ಟಿಬೆಟ್ ಗಡಿ ಪೊಲೀಸ್ (ಐಟಿಬಿಪಿ) ಪಡೆಯವರಿಂದ ಹಿಮದಲ್ಲಿ ಬದುಕುವ ತರಬೇತಿ. ಬೇಸಿಗೆ ತಂಡ ಕೆಲವು ತಿಂಗಳಲ್ಲಿ ಹಿಂತಿರುಗುತ್ತದೆ. ಚಳಿಗಾಲಕ್ಕೆ ಉಳಿಯುವವರು ಒಂದು ವರ್ಷಕ್ಕೂ ಜಾಸ್ತಿ ಅಲ್ಲೇ ಇರುತ್ತಾರೆ. ಐಟಿಐ ಮಾಡಿ ಕೆಲವು ವರ್ಷ ಅನುಭವ ಇರುವ ಹುಡುಗ ಭೂಮಿಯ ದಕ್ಷಿಣ ತುದಿಗೆ ಹೋಗಿ ಬರಬಹುದು ಎಂದರೆ ಎಂಥ ಅವಕಾಶ, ಅಲ್ವಾ? ಹಾಗಿದ್ದೂ ನಮ್ಮ ಮನೆಗಳಲ್ಲಿ ಇದರ ಮಾತೇ ಆಗುವುದಿಲ್ಲ.

ವಿಜ್ಞಾನ ಓದುವ ಮನಸ್ಸಿದ್ದರೆ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯೂ ಇದೆ. 1966ರಲ್ಲಿ ಶುರುವಾದದ್ದು. ಅದಕ್ಕೆ ತನ್ನದೇ ಸಂಶೋಧನಾ ಹಡಗುಗಳಿವೆ. ಸಮುದ್ರ ವಿಜ್ಞಾನ, ಭೂವಿಜ್ಞಾನ, ಜೀವವಿಜ್ಞಾನದಲ್ಲಿ ಎಂಎಸ್ಸಿ ಮಾಡಿ ಸಂಶೋಧನೆಗೆ ಸೇರಿದರೆ ಹಡಗೇರಿ ಹೋಗುವ ಯೋಗ ಬರುತ್ತದೆ.

ಟೂರ್ ಮ್ಯಾನೇಜರ್, ಮತ್ತು ವಿಮಾನ

ಗುಂಪು ಪ್ರವಾಸದ ದೊಡ್ಡ ಕಂಪನಿಗಳ ತವರು ಮುಂಬೈ. ಮರಾಠಿ, ಗುಜರಾತಿ ಕುಟುಂಬಗಳು ಇವುಗಳ ಮುಖ್ಯ ಗಿರಾಕಿಗಳು. ಮರಾಠಿ ಸರಾಗವಾಗಿ ಆಡುವ, ಹಿರಿಯರ ಜೊತೆ ತಾಳ್ಮೆಯಿಂದ ಇರುವ ಹುಡುಗ ಹುಡುಗಿಯರಿಗೆ ಇಲ್ಲಿ ಜಾಗ ಇದೆ. ಮೊದಲ ವರ್ಷವೇ ಯುರೋಪ್ ಸಿಗುವುದಿಲ್ಲ. ರಾಜಸ್ಥಾನ, ಕೇರಳ, ಹಿಮಾಚಲದಿಂದ ಶುರು. ಕೆಲಸ ಸೀಸನ್ನಿನದು: ಬೇಸಿಗೆ ರಜೆ, ದೀಪಾವಳಿ, ಡಿಸೆಂಬರ್. ಎಲ್ಲರೂ ಹಬ್ಬ ಮಾಡುವಾಗ ನೀವು ಯಾರದೋ ಅಜ್ಜಿಯ ಗಾಲಿಕುರ್ಚಿ ತಳ್ಳುತ್ತಿರುತ್ತೀರಿ. ಅದು ಮನಸ್ಸಿಗೆ ಹಿತ ಕೊಡುವ ಕೆಲಸ ಎನ್ನಿಸಿದರೆ ಈ ದಾರಿ ನಿಮ್ಮದು. ಒಂದು ಎಚ್ಚರಿಕೆ: 2020ರ ಕೊರೊನಾ ಕಾಲದಲ್ಲಿ ಈ ಉದ್ಯಮ ಪೂರ್ತಿ ನಿಂತುಹೋಯಿತು. ಆರು ತಿಂಗಳ ಖರ್ಚಿನಷ್ಟು ಹಣ ಪಕ್ಕಕ್ಕಿಟ್ಟುಕೊಂಡೇ ಇದರಲ್ಲಿರಬೇಕು.

ಕ್ಯಾಬಿನ್ ಸಿಬ್ಬಂದಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಹನ್ನೆರಡನೇ ತರಗತಿ, ಪಾಸ್‌ಪೋರ್ಟ್, ಕಂಪನಿ ಹೇಳಿದ ಎತ್ತರ, ಚೆನ್ನಾಗಿ ಮಾತಾಡುವ ಇಂಗ್ಲಿಷ್ ಮತ್ತು ಹಿಂದಿ ಸಾಕು. ತರಬೇತಿಯನ್ನು ವಿಮಾನ ಕಂಪನಿಗಳು ತಾವೇ ಕೊಡುತ್ತವೆ. ಲಕ್ಷಗಟ್ಟಲೆ ಕೊಟ್ಟು ಖಾಸಗಿ ಏರ್‌ಹೋಸ್ಟೆಸ್ ಕೋರ್ಸ್ ಮಾಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಪುಣೆಯ ದಾರಿ: ಯಂತ್ರ ಮತ್ತು ಭಾಷೆ

ಪುಣೆಯಲ್ಲಿರುವವರಿಗೆ ಐಟಿ ಕಂಪನಿಯ ಆನ್‌ಸೈಟ್, ಅಂದರೆ ವಿದೇಶದ ಗಿರಾಕಿಯ ಜಾಗದಲ್ಲಿ ಕೆಲಸ, ಎಲ್ಲರಿಗೂ ಗೊತ್ತಿರುವ ದಾರಿ. ಅದು ಸಿಗುವುದು ಪ್ರಾಜೆಕ್ಟ್ ಮತ್ತು ವೀಸಾ ನಂಬಿ, ನಿಮ್ಮ ಕೈಯಲ್ಲಿಲ್ಲ. ಅದಕ್ಕಿಂತ ನನಗೆ ಇಷ್ಟವಾದದ್ದು ಸರ್ವಿಸ್ ಎಂಜಿನಿಯರ್, ಯಂತ್ರ ಕೂರಿಸಿ ಚಾಲೂ ಮಾಡುವ ಕಮಿಷನಿಂಗ್ ಎಂಜಿನಿಯರ್ ಕೆಲಸ. ಪಿಂಪ್ರಿ, ಚಾಕಣದ ಕಂಪನಿಗಳು ಬಾಯ್ಲರ್, ಪಂಪು, ಎಂಜಿನ್ ಮಾಡಿ ದೂರದ ದೇಶಗಳಿಗೂ ಕಳಿಸುತ್ತವೆ. ಅವುಗಳ ಜೊತೆ ಜನರೂ ಹೋಗಬೇಕು. ಡಿಪ್ಲೊಮಾ ಓದಿದವರಿಗೂ ಇಲ್ಲಿ ಕೆಲಸ ಇದೆ. ಸಂದರ್ಶನದಲ್ಲಿ ಸುಮ್ನೆ ಕೂರದೆ ಕೇಳಿ: ತಿಂಗಳಿಗೆ ಎಷ್ಟು ದಿನ ಸೈಟ್? ದಿನದ ಭತ್ಯೆ ಎಷ್ಟು? ಸೈಟ್ ಮುಗಿದ ಮೇಲೆ ಎರಡು ದಿನ ಸ್ವಂತ ರಜೆ ಹಾಕಿ ಅಲ್ಲೇ ಉಳಿಯಬಹುದಾ? ಆ ಕೊನೆಯ ಪ್ರಶ್ನೆಗೆ ಹೌದು ಎನ್ನುವ ಕಂಪನಿ ಸಿಕ್ಕರೆ ಎರಡನೇ ಕಾಲಂ ತಾನಾಗಿ ತುಂಬುತ್ತದೆ.

ಇದರ ಜೊತೆ ಒಂದು ವಿದೇಶಿ ಭಾಷೆ ಕಲಿತರೆ ಬಾಗಿಲು ಇನ್ನೂ ಅಗಲವಾಗುತ್ತದೆ. ಪುಣೆ ಜಪಾನಿ ಕಲಿಕೆಗೆ ಹೆಸರಾದ ಊರು. ಜೆಎಲ್‌ಪಿಟಿ ಎಂಬ ಜಪಾನಿ ಭಾಷೆಯ ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ, ಎನ್5 ಸುಲಭದ್ದು, ಎನ್1 ಎಲ್ಲಕ್ಕಿಂತ ಕಷ್ಟದ್ದು. ಕೆಲಸಕ್ಕೆ ಉಪಯೋಗವಾಗಬೇಕಾದರೆ ಎನ್3 ದಾಟಬೇಕು. ಜರ್ಮನ್‌ಗೆ ಮುಂಬೈ, ಪುಣೆ ಎರಡೂ ಕಡೆ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಎ1 ಎಂಬ ಮೊದಲ ಹಂತದ ಸರ್ಟಿಫಿಕೇಟ್ ಇಟ್ಟುಕೊಂಡು ಯಾರೂ ಭಾಷಾಂತರಕಾರರಾಗುವುದಿಲ್ಲ, ನಾಲ್ಕನೇ ಹಂತದ ಬಿ2 ತನಕ ಹೋಗುವ ಹಟ ಇದ್ದರೆ ಮಾತ್ರ ಸೇರಿ.

ಕಾಗದಪತ್ರ, ಹೆಸರಿನ ತೊಡಕು

ಯಾವ ದಾರಿ ಹಿಡಿದರೂ ಪಾಸ್‌ಪೋರ್ಟ್ ಈಗಲೇ ಮಾಡಿಸಿ. ಹದಿನೆಂಟು ದಾಟಿದವರು 60 ಪುಟದ್ದನ್ನೇ ಕೇಳಿ, ಸಾಮಾನ್ಯ 36 ಪುಟದ್ದಕ್ಕಿಂತ ಸ್ವಲ್ಪವೇ ಜಾಸ್ತಿ.

ನಮ್ಮವರಿಗೆ ತೊಂದರೆ ಆಗುವುದು ಹೆಸರಿನಲ್ಲಿ. ಊರಿನ ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮಾತ್ರ, ಮಹಾರಾಷ್ಟ್ರದ ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ನಡುವೆ ಅಪ್ಪನ ಹೆಸರು, ಆಧಾರಿನಲ್ಲಿ ಇನ್ನೊಂದು ಥರ. ಇವೆಲ್ಲ ಒಂದೇ ಥರ ಆಗುವಂತೆ ಮೊದಲು ಸರಿಪಡಿಸಿ. ಇನಿಷಿಯಲ್ ಬಿಡಿಸಿ ಬರೆಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದು ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ. 2022ರ ನವೆಂಬರಿನಿಂದ ಯುಎಇ ದೇಶ, ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶ ಬಿಗಿ ಮಾಡಿದೆ.

ಗಲ್ಫ್ ದೇಶಗಳ ನೆಲದ ಮೇಲಿನ ಕೆಲಸಕ್ಕೆ ಏಜೆಂಟ್ ಮೂಲಕ ಹೋಗುವವರು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ಆ ಏಜೆಂಟನ ನೋಂದಣಿ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ರಸೀದಿ ಕೇಳಿ ಪಡೆಯಿರಿ.

ಒಮ್ಮೆ ಪರೀಕ್ಷಿಸಿ ನೋಡಿ

ನಾಲ್ಕು ವರ್ಷದ ಕೋರ್ಸಿಗೆ ಸೇರುವ ಮೊದಲು ಒಂದು ಸೀಸನ್ ಕೆಲಸ ಮಾಡಿ ನೋಡಿ. ಮುಂಬೈ, ಪುಣೆಯಲ್ಲಿ ಶನಿವಾರ ಭಾನುವಾರ ಸಹ್ಯಾದ್ರಿಗೆ ಜನರನ್ನು ಕರೆದೊಯ್ಯುವ ಟ್ರೆಕ್ ಗುಂಪುಗಳು ತುಂಬ ಇವೆ. ಒಂದರಲ್ಲಿ ಸಹಾಯಕರಾಗಿ ಸೇರಿ. ರಾಜಮಾಚಿ, ಹರಿಶ್ಚಂದ್ರಗಡ, 1,646 ಮೀಟರ್ ಎತ್ತರದ ಕಳಸೂಬಾಯಿ. ಮಳೆಯಲ್ಲಿ ಹಿಂದುಳಿದವರನ್ನು ಸಮಾಧಾನ ಮಾಡಿ ಕೆಳಗಿಳಿಸಿದ ಮೇಲೆ ನಿಮಗೇ ಗೊತ್ತಾಗುತ್ತದೆ, ಇಷ್ಟವಾದದ್ದು ಬೆಟ್ಟವೋ ಜನರೋ ಎಂದು. ಬೆಟ್ಟವೇ ಎಂದಾದರೆ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ಬೇಸಿಕ್ ಕೋರ್ಸಿಗೆ ಅರ್ಜಿ ಹಾಕಿ. ಗೋವಾದಲ್ಲಿರುವವರು ಡೈವಿಂಗ್ ಶಾಲೆಯೊಂದರಲ್ಲಿ ಸೀಸನ್ ಕಳೆಯಬಹುದು. ಮಳೆಗಾಲದಲ್ಲಿ ಅಲ್ಲಿ ಸಮುದ್ರದ ಕೆಲಸ ನಿಲ್ಲುತ್ತದೆ, ಆ ತಿಂಗಳುಗಳಲ್ಲಿ ಹೊಟ್ಟೆಗೆ ಏನು ಮಾಡುತ್ತಾರೆ ಎಂದು ಅಲ್ಲಿಯವರನ್ನೇ ಕೇಳಿ.

ಮನೆಯವರ ಜೊತೆ ಮಾತು

ಇದನ್ನು ಕೊನೆಗೆ ಬಿಡುವವರೇ ಹೆಚ್ಚು. 'ಅಮ್ಮ, ನಂಗೆ ಹಡಗಿಗೆ ಹೋಗ್ಬೇಕು' ಎಂದು ಒಂದೇ ಸಲ ಹೇಳಿದರೆ ಅಮ್ಮ ಹೆದರುತ್ತಾರೆ, ಅದು ತಪ್ಪಲ್ಲ. ಮೊದಲು ಬರೆದ ಆ ಮೂರು ಲೆಕ್ಕದ ಹಾಳೆಯನ್ನು ಅವರ ಮುಂದಿಡಿ. ಎಷ್ಟು ತಿಂಗಳು ಹೊರಗೆ, ಎಷ್ಟು ತಿಂಗಳು ಮನೆ, ಫೋನ್ ಸಿಗುತ್ತದಾ, ಆಪತ್ತು ಬಂದರೆ ಯಾರನ್ನು ಕೇಳಬೇಕು, ಎಲ್ಲ ಬರೆದಿರಲಿ. ಹೆಣ್ಣುಮಕ್ಕಳಿಗೆ ಮನೆಯಲ್ಲಿ ಬರುವ ಮೊದಲ ಪ್ರಶ್ನೆ ಮದುವೆಯದು. ಅದೇ ಕೆಲಸದಲ್ಲಿರುವ ಹೆಣ್ಣುಮಗಳೊಬ್ಬಳನ್ನು ಹುಡುಕಿ, ಅವಳ ಜೊತೆ ಅಮ್ಮನನ್ನೇ ಮಾತಾಡಿಸಿ. ನೀವು ಹತ್ತು ಸಲ ಹೇಳುವುದಕ್ಕಿಂತ ಅದು ಬೇಗ ನಾಟುತ್ತದೆ.

ಮದುವೆ, ಮಕ್ಕಳು, ಅಪ್ಪನ ಕಾಯಿಲೆ ಎಂದು ತಿರುಗಾಟ ಸಾಕೆನ್ನಿಸುವ ದಿನ ಬರಬಹುದು. ಅದಕ್ಕೆ ದಾರಿ ಮೊದಲೇ ಗೊತ್ತಿರಲಿ. ಹಡಗಿನ ಅಧಿಕಾರಿಗಳಿಗೆ ಮುಂಬೈಯ ಹಡಗು ಕಂಪನಿಗಳ ಕಚೇರಿಯಲ್ಲಿ, ಹಡಗು ತಪಾಸಣೆ ಮಾಡುವ ಸರ್ವೇಯರ್ ಆಗಿ, ಬಂದರಿನಲ್ಲಿ ಕೆಲಸ ಇದೆ. ಆದರೆ ಅದಕ್ಕೆ ಬಹುಮಟ್ಟಿಗೆ ಚೀಫ್ ಮೇಟ್ (ಕ್ಯಾಪ್ಟನ್ ನಂತರದ ಅಧಿಕಾರಿ), ಚೀಫ್ ಎಂಜಿನಿಯರ್ ಮಟ್ಟದ ಪರೀಕ್ಷೆ ಮುಗಿಸಿರಬೇಕು. ರಜೆಯಲ್ಲಿ ಬಂದಾಗ ಓದಿಕೊಳ್ಳಿ. ಟೂರ್ ಮ್ಯಾನೇಜರಿಗೆ ಕಚೇರಿಯಲ್ಲಿ ಪ್ರವಾಸ ಯೋಜಿಸುವ ಕೆಲಸ ಸಿಗುತ್ತದೆ. ಪ್ರತಿ ಕೆಲಸ ಮುಗಿದಾಗಲೂ ಅನುಭವ ಪತ್ರ ಕೇಳಿ ಪಡೆಯಿರಿ. ಸಿಡಿಸಿಯಲ್ಲಿ ಹಡಗು ಹತ್ತಿದ, ಇಳಿದ ತಾರೀಕುಗಳ ಮೊಹರು ಬಿದ್ದಿದೆಯೇ ನೋಡಿ. ಆದಾಯ ತೆರಿಗೆಗೂ ಆ ತಾರೀಕುಗಳೇ ಬೇಕು, ಏಕೆಂದರೆ ನಾವಿಕ ವರ್ಷದಲ್ಲಿ ಭಾರತದೊಳಗೆ 182 ದಿನಕ್ಕಿಂತ ಕಡಿಮೆ ಇದ್ದಾನೋ ಇಲ್ಲವೋ ಎಂಬುದರ ಮೇಲೆ ಅವನ ತೆರಿಗೆಯ ಲೆಕ್ಕ ನಿಲ್ಲುತ್ತದೆ. ಮೊದಲ ಕಾಂಟ್ರಾಕ್ಟಿಗೆ ಹೊರಡುವ ಮೊದಲೇ ಒಬ್ಬ ಸಿಎ ಹತ್ತಿರ ಇದನ್ನು ಕೇಳಿಕೊಂಡು ಹೋಗಿ.